ಸಿಪಾಯಿಯ ಅಡ್ಡಹೆಸರು

ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ಬಂದಾಗ ಮಕ್ಕಳಿಗೆ ನಾನು ಕೊಡುತ್ತಿದ್ದ ಮನೆಗೆಲಸ ಪ್ರತಿ ವರ್ಷವೂ ಒಂದೇ: ‘ನಿಮ್ಮ ವಂಶವೃಕ್ಷವನ್ನು ಬರೆದು ತನ್ನಿ.’ ಮರುದಿನ ತರಗತಿಯಲ್ಲಿ ಜಾತ್ರೆಯ ಸಡಗರ. ಒಬ್ಬನ ಮುತ್ತಜ್ಜ ಪಾಳೇಗಾರ. ಇನ್ನೊಬ್ಬಳ ಮುತ್ತಜ್ಜ ಅರಮನೆಯಲ್ಲಿ ದೊಡ್ಡ ಅಧಿಕಾರಿ. ಮುತ್ತಜ್ಜ ಕುರಿ ಕಾಯುತ್ತಿದ್ದ ಎಂದು ಬರೆದುಕೊಂಡು ಬಂದ ಮಕ್ಕಳನ್ನು ಇಷ್ಟು ವರ್ಷಗಳ ನೌಕರಿಯಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಂಡಿದ್ದೇನೆ. ‘ಹಾಗಾದರೆ ಊರಿನ ಕುರಿಗಳನ್ನೆಲ್ಲ ಕಾಯುತ್ತಿದ್ದವರು ಯಾರಪ್ಪಾ?’ ಎಂದು ಕೇಳಿದರೆ ತರಗತಿಯೆಲ್ಲ ನಗುತ್ತದೆ.

ಈ ಮನೆಗೆಲಸವನ್ನು ಮೊನ್ನೆ ನೆನಪಿಗೆ ತಂದದ್ದು ಕೆನಡಾದಿಂದ ಬಂದ ಒಂದು ದೀರ್ಘ ಪತ್ರ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ಮಾಂಟ್ರಿಯಲ್ ನಗರದಲ್ಲಿ ಎಂಜಿನಿಯರ್. ಅವನು ಬಾಡಿಗೆಗಿರುವ ಮನೆಯ ಯಜಮಾನರು ಎಪ್ಪತ್ತು ದಾಟಿದ ನಿವೃತ್ತ ಬಡಗಿ. ಮನೆಮಾತು ಫ್ರೆಂಚ್. ಅವರ ಮನೆತನದ ಹೆಸರಿಗೆ ‘ಹೂವು’ ಎಂದು ಅರ್ಥವಂತೆ. ತಮ್ಮ ಮೂಲಪುರುಷನು ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ 1665ರಲ್ಲಿ ಕಳುಹಿಸಿದ ರೆಜಿಮೆಂಟಿನಲ್ಲಿ ಅಧಿಕಾರಿಯಾಗಿದ್ದನೆಂದು ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಅದನ್ನು ದಾಖಲೆ ಸಮೇತ ಬರೆದು ಮೊಮ್ಮಕ್ಕಳಿಗೆ ಕೊಡಬೇಕೆಂದು ಹೊರಟ ಬಡಗಿಗೆ ಏನಾಯಿತು ಎನ್ನುವುದೇ ಪತ್ರದ ವಿಷಯ.

ಫ್ರೆಂಚ್ ಸಿಪಾಯಿ ಎಂದೊಡನೆ ನಮಗೆ ನೆನಪಾಗುವುದು ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚರು. ಈ ಕಥೆ ಅದಕ್ಕಿಂತ ನೂರು ವರ್ಷ ಹಿಂದಿನದು, ಭೂಮಿಯ ಇನ್ನೊಂದು ಬದಿಯದು. ಕೆನಡಾದ ಸೇಂಟ್ ಲಾರೆನ್ಸ್ ನದಿಯ ದಡದಲ್ಲಿ 1608ರಲ್ಲಿ ಕ್ವಿಬೆಕ್ ನಗರವನ್ನು ಸ್ಥಾಪಿಸಿದ ಫ್ರೆಂಚರು ಅರವತ್ತು ವರ್ಷ ಕಳೆದರೂ ಬೆರಳೆಣಿಕೆಯ ಜನವಾಗಿಯೇ ಉಳಿದಿದ್ದರು. 1666ರ ಜನಗಣತಿಯಲ್ಲಿ ಸಿಕ್ಕ ತಲೆಗಳ ಲೆಕ್ಕ 3,215. ಅದರಲ್ಲಿ ಸಿಪಾಯಿಗಳನ್ನು ಸೇರಿಸಿರಲಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಇರಕ್ವಾ ಒಕ್ಕೂಟದವರಿಗೂ ಇವರಿಗೂ ಬದ್ಧ ವೈರ. ಆ ವೈರವನ್ನು ಅಡಗಿಸಲೆಂದು ಕಾರಿನ್ಯಾಂ-ಸಾಲಿಯೇರ್ ಎಂಬ ರೆಜಿಮೆಂಟು 1665ರ ಬೇಸಿಗೆಯಲ್ಲಿ ಹಡಗು ಹಡಗಾಗಿ ಬಂದಿಳಿಯಿತು. ಸುಮಾರು 1,200 ಜನ. ರಿಶಲ್ಯೂ ನದಿಯ ಉದ್ದಕ್ಕೂ ಮರದ ಕೋಟೆಗಳನ್ನು ಕಟ್ಟಿದರು, ಯುದ್ಧ ಮಾಡಿದರು. 1667ರಲ್ಲಿ ಶಾಂತಿ ಒಪ್ಪಂದವಾಯಿತು. ಮರುವರ್ಷ ರೆಜಿಮೆಂಟನ್ನು ವಾಪಸು ಕರೆಸಿಕೊಂಡಾಗ, ‘ಇಲ್ಲೇ ನಿಂತರೆ ಭೂಮಿ ಕೊಡುತ್ತೇವೆ’ ಎಂಬ ಮಾತಿಗೆ ಒಪ್ಪಿ ಸುಮಾರು 400 ಜನ ಅಲ್ಲಿಯೇ ನೆಲೆಸಿದರು. ಅಧಿಕಾರಿಗಳಿಗೆ ದೊಡ್ಡ ಜಹಗೀರುಗಳು ಸಿಕ್ಕವು. ಸೊರೆಲ್, ಶಾಂಬ್ಲಿ, ವೆರ್ಶೇರ್ ಎಂಬ ಇಂದಿನ ಊರುಗಳು ಆ ಅಧಿಕಾರಿಗಳ ಹೆಸರಿನವೇ. ಸಾಮಾನ್ಯ ಸಿಪಾಯಿಗೆ ಸಿಕ್ಕಿದ್ದು ಕಾಡಿನ ಒಂದು ಉದ್ದನೆಯ ಪಟ್ಟಿ ಮತ್ತು ಅದನ್ನು ಕಡಿಯುವ ಕೆಲಸ. 1663ರಿಂದ 1673ರವರೆಗೆ ದೊರೆಯ ಖರ್ಚಿನಲ್ಲಿ ಸುಮಾರು 800 ಹೆಣ್ಣುಮಕ್ಕಳೂ ಫ್ರಾನ್ಸಿನಿಂದ ಬಂದರು. ಇವರನ್ನು ಚರಿತ್ರೆಯಲ್ಲಿ ‘ದೊರೆಯ ಹೆಣ್ಣುಮಕ್ಕಳು’ ಎನ್ನುತ್ತಾರೆ. ಹಲವು ಸಿಪಾಯಿಗಳ ಸಂಸಾರ ಶುರುವಾದದ್ದು ಇವರೊಂದಿಗೆ.

ಇಂಥ ಸಿಪಾಯಿಯನ್ನು ಮೂರೂವರೆ ಶತಮಾನದ ಆಚೆಯಿಂದ ಹುಡುಕುವುದು ಹೇಗೆ? ಮೊದಲ ತೊಡಕು ಹೆಸರಿನದೇ. ಫ್ರೆಂಚ್ ಸೈನ್ಯದಲ್ಲಿ ಸಿಪಾಯಿಗೆ ಒಂದು ಅಡ್ಡಹೆಸರು ಇಡುವ ರೂಢಿಯಿತ್ತು. ಲಾಫ್ಲೂರ್ ಎಂದರೆ ಹೂವು. ಸಾನ್‌ಸೂಸಿ ಎಂದರೆ ಚಿಂತೆಯಿಲ್ಲದವನು. ಜೊಲಿಕೂರ್ ಎಂದರೆ ಉಲ್ಲಾಸದ ಹೃದಯದವನು. ಟ್ರಾಂಶ್‌ಮೊಂತಾಞ್ ಎಂದರೆ ಬೆಟ್ಟವನ್ನೇ ಕತ್ತರಿಸುವವನು. ಬ್ರಿಸ್‌ತೂ ಎಂದರೆ ಕಂಡದ್ದನ್ನೆಲ್ಲ ಮುರಿದುಹಾಕುವವನು! ದಾಖಲೆಗಳಲ್ಲಿ ಮೊದಲು ನಿಜವಾದ ಹೆಸರು ಬರೆದು, ಆಮೇಲೆ ‘ದಿ’ ಎಂದು ಸೇರಿಸಿ ಅಡ್ಡಹೆಸರನ್ನು ಬರೆಯುತ್ತಿದ್ದರು. ನಮ್ಮ ಹಳೆಯ ಕಾಗದಪತ್ರಗಳಲ್ಲಿ ‘ಉರುಫ್’ ಎಂದು ಬರೆಯುತ್ತಾರಲ್ಲ, ಅದೇ. ಮಕ್ಕಳ ಕಾಲಕ್ಕೆ ಒಬ್ಬ ಮಗ ನಿಜವಾದ ಹೆಸರನ್ನು ಉಳಿಸಿಕೊಂಡರೆ ಇನ್ನೊಬ್ಬ ಅಡ್ಡಹೆಸರನ್ನೇ ಮನೆತನದ ಹೆಸರಾಗಿ ಮಾಡಿಕೊಂಡಿರಬಹುದು. ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬ ಮನೆತನಗಳ ಹೆಸರನ್ನು ಅಲ್ಲಿ ಇಂದಿಗೂ ‘ಅಡ್ಡಹೆಸರು’ ಎಂದೇ ಕರೆಯುತ್ತಾರೆ.

ಬಡಗಿಯ ಮನೆಯವರು ಎಡವಿದ್ದು ಇಲ್ಲಿಯೇ. ಊರಿನಲ್ಲೇ ನೆಲೆಸಿದ ಸಿಪಾಯಿಗಳ 1668ರ ಪಟ್ಟಿಯೊಂದು ಉಳಿದಿದೆ. ಅದರಲ್ಲಿ ಬಹಳ ಹೆಸರುಗಳು ಬರೀ ಅಡ್ಡಹೆಸರುಗಳು. ಅಲ್ಲಿ ಒಂದು ‘ಹೂವು’ ಕಂಡೊಡನೆ ‘ಇವನೇ ನಮ್ಮವನು’ ಎಂದು ಅಜ್ಜ ತೀರ್ಮಾನಿಸಿಬಿಟ್ಟಿದ್ದರು. ಸಿಪಾಯಿ ಅಧಿಕಾರಿಯಾದದ್ದು ಹೇಳುವವರ ಬಾಯಲ್ಲಿ. ಆದರೆ ಆ ಅಡ್ಡಹೆಸರು ಒಬ್ಬನದಲ್ಲ, ಪ್ರತಿಯೊಂದು ಕಂಪೆನಿಯಲ್ಲೂ ಒಬ್ಬ ಹೂವು ಇರಬಹುದು. ಹೆಸರು ಒಂದೇ ಆದ ಮಾತ್ರಕ್ಕೆ ಮನುಷ್ಯ ಒಬ್ಬನೇ ಆಗುವುದಿಲ್ಲ. ಬಿಳಿಯ ಪುಡಿಯೆಲ್ಲ ಉಪ್ಪಲ್ಲ ಎಂದು ಪ್ರಯೋಗಶಾಲೆಯಲ್ಲಿ ಹೇಳಿಕೊಡುವುದಿಲ್ಲವೇ, ಹಾಗೆ.

ವಂಶವನ್ನು ಹುಡುಕುವವರಿಗೆ ಮೊದಲ ನಿಯಮವೊಂದಿದೆ: ಮೇಲಿನಿಂದ ಕೆಳಕ್ಕೆ ಬರಬಾರದು, ತನ್ನಿಂದಲೇ ಹೊರಟು ಒಂದೊಂದೇ ಮೆಟ್ಟಿಲು ಹತ್ತಬೇಕು. ಹೆಸರಾಂತ ಪೂರ್ವಿಕನನ್ನು ಮೊದಲೇ ಆರಿಸಿಕೊಂಡು ಅವನಿಂದ ನಮ್ಮವರೆಗೆ ದಾರಿ ಎಳೆದರೆ, ದಾರಿ ಹೇಗಾದರೂ ಸಿಕ್ಕೇ ಸಿಗುತ್ತದೆ. ಉತ್ತರ ನೋಡಿಕೊಂಡು ಲೆಕ್ಕ ಮಾಡುವ ಹುಡುಗನಿಗೆ ಎಲ್ಲ ಲೆಕ್ಕವೂ ಸರಿಬರುವ ಹಾಗೆ.

ಈ ವಿಷಯದಲ್ಲಿ ಕ್ವಿಬೆಕ್‌ನವರು ಅದೃಷ್ಟವಂತರು. ಪ್ರತಿ ಊರಿನ ಇಗರ್ಜಿಯಲ್ಲಿ ನಾಮಕರಣ, ಮದುವೆ, ಮರಣಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮದುವೆಯ ದಾಖಲೆಯಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣು ಇಬ್ಬರ ತಂದೆತಾಯಿಯರ ಹೆಸರುಗಳೂ ಇರುತ್ತವೆ. ಹಾಗಾಗಿ ನಿಮ್ಮ ಅಜ್ಜನ ಮದುವೆ ಸಿಕ್ಕರೆ ಮುತ್ತಜ್ಜ ಮುತ್ತಜ್ಜಿಯರ ಹೆಸರು ಸಿಕ್ಕಿತು. ಆ ಹೆಸರಿನಿಂದ ಅವರ ಮದುವೆ ಹುಡುಕಬೇಕು. ಹೀಗೆ ಮದುವೆಯಿಂದ ಮದುವೆಗೆ ಏಣಿ. ಇನ್ನೊಂದು ಸ್ವಾರಸ್ಯವೆಂದರೆ ಆ ದಾಖಲೆಗಳಲ್ಲಿ ಹೆಣ್ಣುಮಗಳು ಮದುವೆಯಾದ ಮೇಲೂ ತವರಿನ ಹೆಸರಿನಲ್ಲೇ ಉಳಿಯುತ್ತಾಳೆ. ನಮ್ಮ ಹಳೆಯ ಕಂದಾಯ ದಾಖಲೆಗಳಲ್ಲಿ ‘ಕೋಂ’ ಎಂದು ಬರೆದು ಗಂಡನ ಹೆಸರು ಹಾಕಿಬಿಟ್ಟರೆ ಅವಳ ತವರಿನ ದಾರಿ ಅಲ್ಲಿಗೇ ಮುಚ್ಚಿಹೋಗುತ್ತದೆ. ಅಲ್ಲಿ ಹಾಗಾಗಲಿಲ್ಲ. ಸಿಪ್ರಿಯನ್ ತಾಂಗೆ ಎಂಬ ಪಾದ್ರಿ ಈ ಪುಸ್ತಕಗಳನ್ನೆಲ್ಲ ಜಾಲಾಡಿ 1871ರಿಂದ 1890ರೊಳಗೆ ಏಳು ಸಂಪುಟಗಳ ವಂಶಾವಳಿ ಕೋಶವನ್ನು ಪ್ರಕಟಿಸಿದರು. ನಮ್ಮಲ್ಲಿ ಎತ್ತಿನ ಮೇಲೆ ಕುಳಿತು ಮನೆ ಬಾಗಿಲಿಗೆ ಬಂದು ತಲೆಮಾರುಗಳ ಹೆಸರನ್ನು ಹೇಳುತ್ತಿದ್ದ ಹೆಳವರ ಕೆಲಸವನ್ನು ಅಲ್ಲಿ ಒಬ್ಬ ಪಾದ್ರಿ ಕಾಗದದ ಮೇಲೆ ಮಾಡಿದರೆನ್ನಬಹುದು. 1966ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಇದೇ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ ಸಂಸಾರಗಳಾಗಿ ಜೋಡಿಸುವ ದೊಡ್ಡ ಯೋಜನೆಯನ್ನು ಆರಂಭಿಸಿದರು.

ಹಾಗೆಂದು ಪುಸ್ತಕದಲ್ಲಿ ಇರುವುದೆಲ್ಲ ನಿಜವೆಂದು ತಿಳಿಯಬಾರದು. ನಮ್ಮ ಕಾಲದಲ್ಲಿ ಶಾಲೆಯ ದಾಖಲಾತಿ ಪುಸ್ತಕ ನೋಡಿದರೆ ಅರ್ಧ ತರಗತಿಯೇ ಜೂನ್ 1ರಂದು ಹುಟ್ಟಿರುತ್ತಿತ್ತು! ಹೆಡ್‌ಮಾಸ್ತರರಿಗೆ ಅನುಕೂಲವಾದ ದಿನವೇ ಹುಟ್ಟಿದ ದಿನ. ಕೆನಡಾದ 1667 ಮತ್ತು 1681ರ ಜನಗಣತಿಗಳಲ್ಲಿ ಎಷ್ಟು ದನ, ಎಷ್ಟು ಸಾಗುವಳಿ ಭೂಮಿ ಎಂಬುದೂ ಇದೆ. ಆದರೆ ವಯಸ್ಸಿನ ವಿಷಯಕ್ಕೆ ಬಂದರೆ ಹದಿನಾಲ್ಕು ವರ್ಷದ ಅಂತರದಲ್ಲಿ ಒಬ್ಬನ ವಯಸ್ಸು ಹದಿನಾಲ್ಕೇ ಹೆಚ್ಚಿರಬೇಕೆಂದಿಲ್ಲ. ಆದ್ದರಿಂದ ಒಂದು ದಾಖಲೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಬೇಕು.

ಬಡಗಿ ತನ್ನ ಮದುವೆಯಿಂದ ಆರಂಭಿಸಿ ತಂದೆ, ಅಜ್ಜ, ಮುತ್ತಜ್ಜ ಎಂದು ಗಂಡು ದಾರಿಯಲ್ಲೇ ಏರುತ್ತ ಹೋದರು. ಎರಡು ಚಳಿಗಾಲ ಈ ಕೆಲಸ ನಡೆಯಿತಂತೆ. ಹತ್ತನೆಯ ಮದುವೆ 1700ರ ನಂತರದ್ದು. ವರ ಅದೇ ‘ಹೂವು’. ಆದರೆ ಅವನು ನೌಕಾ ಇಲಾಖೆಯ ಕಂಪೆನಿಯೊಂದರ ಸಿಪಾಯಿ. ಈ ಕಂಪೆನಿಗಳು ಕೆನಡಾಕ್ಕೆ ಬರತೊಡಗಿದ್ದು 1683ರಿಂದ. ವರನ ತಂದೆತಾಯಿ ಫ್ರಾನ್ಸಿನ ಒಂದು ಹಳ್ಳಿಯವರೆಂದು ಅಲ್ಲಿ ಬರೆದಿತ್ತು. ಎಂದರೆ ಹಡಗು ಹತ್ತಿ ಬಂದವನು ಇವನೇ ಹೊರತು ಇವನ ಅಪ್ಪನಲ್ಲ. 1665ರ ರೆಜಿಮೆಂಟಿಗೂ ಈ ಗಂಡು ದಾರಿಗೂ ಸಂಬಂಧವೇ ಇಲ್ಲ! ಕೊನೆಯಲ್ಲಿ ವರನಿಗೆ ಸಹಿ ಮಾಡಲು ಬರುವುದಿಲ್ಲ ಎಂಬ ಒಂದು ಸಾಲು. ಅಧಿಕಾರಿಯ ಕಥೆ ಅಲ್ಲಿಗೆ ಮುಗಿಯಿತು.

ಆ ಸಂಜೆ ಮುದುಕರು ಊಟ ಮಾಡಲಿಲ್ಲವೆಂದು ನನ್ನ ವಿದ್ಯಾರ್ಥಿ ಬರೆದಿದ್ದಾನೆ. ತಮ್ಮ ಅಜ್ಜ ಸುಳ್ಳು ಹೇಳಿದರೆಂದು ಅವರಿಗೆ ನೋವು. ಆದರೆ ಅಜ್ಜ ಸುಳ್ಳು ಹೇಳಿರಲಿಲ್ಲ. ಪರೀಕ್ಷಿಸದೆ ನಂಬಿದ್ದರು. ಇವೆರಡಕ್ಕೂ ವ್ಯತ್ಯಾಸವುಂಟು.

ಮಕ್ಕಳೇ, ಇಲ್ಲಿ ಸ್ವಲ್ಪ ಗಣಿತ ನೋಡೋಣ. ನಿಮಗೆ ತಂದೆತಾಯಿ ಇಬ್ಬರು. ಅವರ ತಂದೆತಾಯಿಯರು ನಾಲ್ವರು. ಅದರ ಹಿಂದೆ 8, ಆಮೇಲೆ 16. ಹೀಗೆ ಒಂಬತ್ತು ತಲೆಮಾರು ಹಿಂದಕ್ಕೆ ಹೋದರೆ 512 ಸ್ಥಾನಗಳು, ಹನ್ನೆರಡು ತಲೆಮಾರಿಗೆ 4,096. ಬಡಗಿ ಎರಡು ಚಳಿಗಾಲ ಹುಡುಕಿದ್ದು ಆ 512ರಲ್ಲಿ ಒಬ್ಬನನ್ನು ಮಾತ್ರ. ಉಳಿದ 511 ಸ್ಥಾನಗಳಲ್ಲಿ ಇರುವವರೂ ಅಷ್ಟೇ ಪೂರ್ವಿಕರು. ಮನೆತನದ ಹೆಸರು ಗಂಡು ದಾರಿಯಲ್ಲಿ ಬರುವುದರಿಂದ ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ.

ಡಿಎನ್‌ಎ ಕೂಡ ಇದನ್ನೇ ಹೇಳುತ್ತದೆ. ಒಂಬತ್ತು ತಲೆಮಾರಿನ ಹಿಂದಿನ ಒಬ್ಬ ಪೂರ್ವಿಕನಿಂದ ನಮಗೆ ಬರುವ ಪಾಲು ಸರಾಸರಿ 512ರಲ್ಲಿ ಒಂದು. ಪ್ರತಿ ತಲೆಮಾರಿನಲ್ಲೂ ವರ್ಣತಂತುಗಳು ಇಸ್ಪೀಟು ಎಲೆಗಳಂತೆ ಕಲಸಿ ಹಂಚಿಹೋಗುವುದರಿಂದ ಕೆಲವು ಪೂರ್ವಿಕರ ಒಂದು ತುಣುಕೂ ನಮ್ಮಲ್ಲಿ ಇಲ್ಲದೆ ಇರಬಹುದು. ‘ಸಿಪಾಯಿಯ ರಕ್ತ’ ಎಂಬ ಮಾತು ಎಷ್ಟು ತೆಳ್ಳಗಾಯಿತು ನೋಡಿ. ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತು ಮಾತ್ರ ಬಹುಪಾಲು ಬದಲಾಗದೆ ಬರುತ್ತದೆ. ಇಬ್ಬರು ಗಂಡಸರಿಗೆ ಗಂಡು ದಾರಿಯಲ್ಲಿ ಒಬ್ಬನೇ ಪೂರ್ವಿಕನಿರಬಹುದೇ ಎಂದು ಅದು ತಿಳಿಸಬಲ್ಲದು. ಅವನ ಹೆಸರು, ರೆಜಿಮೆಂಟು ಅದರಲ್ಲಿ ಬರೆದಿರುವುದಿಲ್ಲ.

ತಾಯಿಯ ದಾರಿಯಲ್ಲಿ ಬರುವುದು ಮೈಟೊಕಾಂಡ್ರಿಯದ ಡಿಎನ್‌ಎ. ತಾಯಿ ಇದನ್ನು ಎಲ್ಲ ಮಕ್ಕಳಿಗೂ ಕೊಡುತ್ತಾಳೆ, ಮುಂದಕ್ಕೆ ಸಾಗಿಸುವವರು ಹೆಣ್ಣುಮಕ್ಕಳು. ಎಳೆಯ ವಯಸ್ಸಿನಲ್ಲೇ, ಹೆಚ್ಚಾಗಿ ಗಂಡಸರಲ್ಲಿ, ದೃಷ್ಟಿ ಕಳೆಯುವ ಲೇಬರ್ ಎಂಬ ನೇತ್ರನರದ ಕಾಯಿಲೆಯೊಂದಿದೆ. ಅದಕ್ಕೆ ಕಾರಣವಾದ ಒಂದು ದೋಷ ಕ್ವಿಬೆಕ್‌ನ ಹಲವು ಕುಟುಂಬಗಳಲ್ಲಿ ಹೇಗೆ ಹರಡಿತೆಂದು ಇಗರ್ಜಿಯ ದಾಖಲೆಗಳ ಏಣಿ ಹಿಡಿದು ಹತ್ತಿದ ವಿಜ್ಞಾನಿಗಳು 2005ರಲ್ಲಿ ತಲುಪಿದ್ದು ಒಬ್ಬ ಹೆಣ್ಣುಮಗಳನ್ನು. ಆಕೆ ‘ದೊರೆಯ ಹೆಣ್ಣುಮಕ್ಕಳ’ಲ್ಲಿ ಒಬ್ಬಳು, 1669ರಲ್ಲಿ ಕ್ವಿಬೆಕ್ ನಗರದಲ್ಲಿ ಮದುವೆಯಾದವಳು. ಪುಸ್ತಕದಲ್ಲಿ ಹೆಂಗಸರ ಹೆಸರುಗಳು ಉಳಿದಿಲ್ಲದಿದ್ದರೆ ಈ ದಾರಿ ಸಿಗುತ್ತಲೇ ಇರಲಿಲ್ಲ. ವಂಶಾವಳಿ ಬರೀ ಹೆಮ್ಮೆಯ ವಿಷಯವಲ್ಲ, ಕಣ್ಣಿನ ವಿಷಯವೂ ಆಗಬಹುದು.

ಬಡಗಿಯ ಕಥೆಗೆ ಮರಳೋಣ. ವಸಂತ ಬಂದ ಮೇಲೆ ಅವರು ಮತ್ತೆ ಏಣಿ ಹಿಡಿದರು. ಈ ಸಲ ತಂದೆಯ ತಾಯಿಯ ದಾರಿ. ಅಲ್ಲಿ, ಅಜ್ಜಿಯ ಅಜ್ಜಿಯರ ತವರುಗಳ ಕಡೆಯಿಂದ, ಬೇರೊಂದು ಅಡ್ಡಹೆಸರಿನ ಸಿಪಾಯಿ ಸಿಕ್ಕ. 1665ರಲ್ಲಿ ಬಂದವನು, 1668ರಲ್ಲಿ ಉಳಿದವನು. ತಲೆಮಾರುಗಳಿಂದ ಹೆಮ್ಮೆಪಟ್ಟುಕೊಂಡು ಬಂದ ರೆಜಿಮೆಂಟು ಆ ಮನೆಗೆ ಬಂದದ್ದು ಹೆಂಗಸರ ಕಡೆಯಿಂದ! ಇದರಲ್ಲಿ ಪವಾಡವೇನೂ ಇಲ್ಲ. ಅಂದಿನ ಸಣ್ಣ ಜನಸಂಖ್ಯೆಯಿಂದಲೇ ಕ್ವಿಬೆಕ್‌ನ ಫ್ರೆಂಚರು ಬಹುಮಟ್ಟಿಗೆ ಬೆಳೆದದ್ದರಿಂದ, ಎಲ್ಲ ದಾರಿಗಳನ್ನೂ ಹಿಡಿದು ಹೋದರೆ ಅನೇಕರಿಗೆ ಇಂಥ ಸಿಪಾಯಿಯೊಬ್ಬ ಸಿಗುತ್ತಾನೆ.

ಸಿಕ್ಕ ಮೇಲೆ, ಅವನು ಅಲ್ಲಿ ಏನು ಮಾಡಿದನೆಂದು ಓದದೆ ಇರುವುದು ಹೇಗೆ? 1666ರ ಶರತ್ಕಾಲದಲ್ಲಿ ಸುಮಾರು 1,300 ಜನರ ಸೈನ್ಯ ಇರಕ್ವಾ ಒಕ್ಕೂಟದ ಮೊಹಾಕ್ ಜನರ ನಾಡಿಗೆ ನುಗ್ಗಿತು. ಜನ ಊರು ಬಿಟ್ಟು ಕಾಡು ಸೇರಿದ್ದರು. ಖಾಲಿ ಊರುಗಳನ್ನೂ ಚಳಿಗಾಲಕ್ಕೆಂದು ಕೂಡಿಟ್ಟಿದ್ದ ಮೆಕ್ಕೆಜೋಳವನ್ನೂ ಸೈನ್ಯ ಸುಟ್ಟುಹಾಕಿತು. ಅಲ್ಲಿಯ ಚಳಿಗಾಲವೆಂದರೆ ನದಿಯೇ ಹೆಪ್ಪುಗಟ್ಟುವ ಚಳಿಗಾಲ. ಆ ವರ್ಷ ಹಸಿದವರ ಹೆಸರುಗಳು ಯಾವ ಇಗರ್ಜಿಯ ಪುಸ್ತಕದಲ್ಲೂ ಇಲ್ಲ.

ಮೊಹಾಕ್ ಜನ ಇಂದಿಗೂ ಇದ್ದಾರೆ. ಮಾಂಟ್ರಿಯಲ್‌ಗೆ ಅಂಟಿಕೊಂಡೇ ಇರುವ ಕಾನವಾಕೆ ಅವರ ಊರು. ಎತ್ತರದ ಕಟ್ಟಡಗಳ ಉಕ್ಕಿನ ಕೆಲಸದಲ್ಲಿ ಆ ಊರಿನವರು ಹೆಸರುವಾಸಿ. ಬಡಗಿ ತನ್ನ ದುಡಿಮೆಯ ಕಾಲದಲ್ಲಿ ಎಷ್ಟೋ ಕಟ್ಟಡಗಳಲ್ಲಿ ಅವರ ಜೊತೆ ಕುಳಿತು ಬುತ್ತಿ ಬಿಚ್ಚಿದವರು. ‘ಅವರೊಂದಿಗೆ ಕುಳಿತು ಉಣ್ಣುವಾಗ ಇದು ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತೇನೋ’ ಎಂದರಂತೆ. ಮೊಮ್ಮಕ್ಕಳಿಗೆ ಬರೆದ ಪುಸ್ತಕದಲ್ಲಿ ‘1668: ಭೂಮಿ ದೊರೆಯಿತು’ ಎಂಬ ಸಾಲಿನ ಮೇಲೆ ಅವರು ಇನ್ನೊಂದು ಸಾಲು ಸೇರಿಸಿದ್ದಾರೆ: ‘1666: ಇವನ ರೆಜಿಮೆಂಟು ಮೊಹಾಕ್ ಊರುಗಳನ್ನು ಸುಟ್ಟಿತು. ಇವನು ಆ ದಂಡಿನಲ್ಲಿದ್ದನೇ ಎಂಬುದಕ್ಕೆ ದಾಖಲೆ ಸಿಕ್ಕಿಲ್ಲ.’

ಕೊನೆಯ ಆ ವಾಕ್ಯವನ್ನು ಓದಿ ನಾನು ಪತ್ರವನ್ನು ಕೆಳಗಿಟ್ಟೆ. ಅಷ್ಟು ಪ್ರಾಮಾಣಿಕವಾದ ವಾಕ್ಯವೊಂದನ್ನು ನಾನು ಒಮ್ಮೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೆ. ಹದಿನೈದು ವರ್ಷಗಳ ಹಿಂದಿನ ಮಾತು. ವಂಶವೃಕ್ಷದ ಮನೆಗೆಲಸಕ್ಕೆ ಒಬ್ಬ ಹುಡುಗಿ ತಂದ ಹಾಳೆಯಲ್ಲಿ ಎರಡೇ ವೃತ್ತಗಳಲ್ಲಿ ಹೆಸರಿತ್ತು. ಒಂದು ಅವಳದು, ಇನ್ನೊಂದು ಅವಳ ಅಜ್ಜಿಯದು. ಅಜ್ಜಿಯಿಂದ ಅವಳಿಗೆ ಗೆರೆ ಎಳೆದಿರಲಿಲ್ಲ. ಉಳಿದ ಮನೆಗಳಲ್ಲಿ ಪೆನ್ಸಿಲಿನಿಂದ ಅಂದವಾಗಿ ಪ್ರಶ್ನಾರ್ಥಕ ಚಿಹ್ನೆಗಳು. ನಾನು ‘ಅಪೂರ್ಣ’ ಎಂದು ಬರೆದು ಹತ್ತಕ್ಕೆ ಮೂರು ಅಂಕ ಕೊಟ್ಟೆ. ಪಾಳೇಗಾರನ ಮರಿಮಗನಿಗೆ ಒಂಬತ್ತು. ಹುಡುಗಿ ಏನೂ ಹೇಳಲಿಲ್ಲ. ವರ್ಷದ ಕೊನೆಯಲ್ಲಿ ಟಿ.ಸಿ. ಪಡೆಯಲು ಬಂದಾಗ ಅಜ್ಜಿ ಹೇಳಿದರು. ರಸ್ತೆ ಕೆಲಸಕ್ಕೆ ಎಲ್ಲಿಂದಲೋ ಬಂದಿದ್ದ ಕೂಲಿಯವಳ ಮಗು ಅದು. ತಾಯಿ ಜ್ವರದಲ್ಲಿ ತೀರಿಕೊಂಡಳು, ಗುಂಪು ಮುಂದಿನ ಊರಿಗೆ ಹೋಯಿತು. ಪಕ್ಕದ ಗುಡಿಸಲಿನ ಈಕೆ ಮಗುವನ್ನು ಎತ್ತಿಕೊಂಡರು. ಆ ತಾಯಿಯ ಊರಾಗಲಿ ಪೂರ್ತಿ ಹೆಸರಾಗಲಿ ಇವರಿಗೆ ತಿಳಿಯದು.

ಆ ಹಾಳೆಯಲ್ಲಿ ತಪ್ಪು ಒಂದೂ ಇರಲಿಲ್ಲ. ತಿಳಿದದ್ದನ್ನು ಬರೆದಿದ್ದಳು, ತಿಳಿಯದ್ದನ್ನು ತಿಳಿಯದು ಎಂದಿದ್ದಳು, ಇಲ್ಲದ ಗೆರೆಯನ್ನು ಎಳೆದಿರಲಿಲ್ಲ. ಇಡೀ ತರಗತಿಯಲ್ಲಿ ವಿಜ್ಞಾನದ ಹಾಳೆ ಅದೊಂದೇ. ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ. ಟಿ.ಸಿ. ಕೈಗೆ ಕೊಟ್ಟು ‘ಚೆನ್ನಾಗಿ ಓದಮ್ಮ’ ಎಂದೆ.

ಆಮೇಲೆ ಮನೆಗೆಲಸವನ್ನು ಬದಲಾಯಿಸಿದೆ. ತಂದೆಯ ಕಡೆಯಷ್ಟೇ ತಾಯಿಯ ಕಡೆಯನ್ನೂ ಬರೆಯಬೇಕು. ಪ್ರತಿ ಹೆಸರಿನ ಕೆಳಗೆ ‘ಹೇಳಿದವರು ಯಾರು, ಎಂದು ಹೇಳಿದರು, ಕಾಗದ ಇದೆಯೇ’ ಎಂದು ನಮೂದಿಸಬೇಕು. ಬೇಡವೆನಿಸಿದವರು ತಮ್ಮ ಮನೆಯ ಬದಲು ಮಹಾರಾಣಿ ವಿಕ್ಟೋರಿಯಾಳ ವಂಶದಲ್ಲಿ ಹಿಮೋಫೀಲಿಯಾ ಹೇಗೆ ಹರಿಯಿತೆಂದು ಬರೆಯಬಹುದು, ಯಾಕೆಂದು ನಾನು ಕೇಳುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆಗೆ ಅಂಕ ಕಡಿಯುವುದಿಲ್ಲ.

ಪೋಷಕರಲ್ಲಿ ಒಂದೇ ವಿನಂತಿ. ಮಗು ಹಾಳೆ ಹಿಡಿದುಕೊಂಡು ಬಂದಾಗ ಅದರಲ್ಲಿ ಪಾಳೇಗಾರನನ್ನು ತುಂಬಬೇಡಿ. ಅದನ್ನು ಕೈಹಿಡಿದು ಮನೆಯ ಹಿರಿಯರ ಬಳಿಗೆ, ಮೊದಲು ಅಜ್ಜಿಯ ಬಳಿಗೆ ಕರೆದುಕೊಂಡು ಹೋಗಿ. ‘ನಿನ್ನ ತವರು ಯಾವುದು, ನಿನ್ನ ತಾಯಿಯ ತವರು ಯಾವುದು’ ಎಂದು ಕೇಳಲಿ. ಕುರಿ ಕಾಯುತ್ತಿದ್ದವರ ಹೆಸರು ಬಂದರೆ ಹಾಗೆಯೇ ಬರೆಯಲಿ. ತಿಳಿಯದ ಕಡೆ ಜಾಗ ಖಾಲಿ ಬಿಟ್ಟು, ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಲಿ. ಪೆನ್ಸಿಲು ಯಾಕೆಂದರೆ, ಮುಂದೆ ಯಾವಾಗಲಾದರೂ ಉತ್ತರ ಸಿಕ್ಕರೆ ಅಳಿಸಿ ಬರೆಯಬಹುದಲ್ಲ.